ರಿಡ್ಜ್ ಮೇಲೆ ಒಂದು ದಿನದ ಟ್ರೆಕ್: ಹೋಗಿ ಬಂದವರು ಹೇಳಿ

ಬೆಟ್ಟದ ಏಣಿನ (ರಿಡ್ಜ್, ಅಂದರೆ ಬೆಟ್ಟದ ನೆತ್ತಿಯುದ್ದಕ್ಕೂ ಚಾಚಿದ ಸಾಲು) ಮೇಲೆ ಒಂದು ದಿನದ ಟ್ರೆಕ್ ಇಟ್ಟುಕೊಂಡಿದ್ದೇವೆ. ಒಟ್ಟು 15 ಕಿ.ಮೀ., ಅದರಲ್ಲಿ 900 ಮೀಟರ್ ಎತ್ತರ ಏರಬೇಕು. ಹನ್ನೆರಡು ಜನ, ಅರ್ಧಕ್ಕರ್ಧ ಹೊಸಬರು. ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಏನೇನು ನೋಡಿಕೊಳ್ಳಬೇಕು?

— ಮೊದಲು ಹೊತ್ತಿನ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ನಾಲ್ಕೂವರೆ ಗಂಟೆ ಆಯಿತು. ಅದೂ ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ. ಹನ್ನೆರಡು ಜನ ಅಂದ ಮೇಲೆ ಒಬ್ಬರ ಲೇಸ್ ಬಿಚ್ಚುತ್ತದೆ, ಒಬ್ಬರಿಗೆ ಫೋಟೋ ಬೇಕು, ಇನ್ನೊಬ್ಬರಿಗೆ ಜಾಕೆಟ್ ತೆಗೆಯಬೇಕು. ನಾನಾಗಿದ್ದರೆ ಏಳು ಗಂಟೆ ಇಟ್ಟುಕೊಳ್ಳುತ್ತೇನೆ. ಎಷ್ಟು ಹೊತ್ತಿಗೆ, ಎಲ್ಲೇ ಇದ್ದರೂ ವಾಪಸ್ ತಿರುಗಬೇಕು ಎಂಬುದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ. ಮೇಲೆ ಹೋದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ತುದಿ ಕಣ್ಣೆದುರೇ ಕಾಣುತ್ತಿರುತ್ತದೆ ಅಲ್ವಾ?

— ನಿಧಾನ ನಡೆಯುವವರನ್ನು ಹಿಂದೆ ಬಿಡಬೇಡಿ. ನಮ್ಮ ಗುಂಪಿನಲ್ಲಿ ಮುಂದಿನವರು ಆರಾಮಾಗಿ ಕೂತು ನೀರು ಕುಡಿದು, ಹಿಂದಿನವರ ಮುಖ ಕಂಡ ಕೂಡಲೇ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಪಾಪ, ಯಾರಿಗೆ ಸುಸ್ತು ಜಾಸ್ತಿಯೋ ಅವರಿಗೇ ಕೂರಲು ಪುರುಸೊತ್ತಿಲ್ಲ. ಈಗ ಅವರನ್ನು ಮುಂದಾಳಿನ ಬೆನ್ನಿಗೇ ನಡೆಸುತ್ತೇವೆ. ಕೊನೆಯಲ್ಲಿ ದಾರಿ ಗೊತ್ತಿರುವ ಒಬ್ಬರು ಇರಬೇಕು. ಅವರ ಹಿಂದೆ ಯಾರೂ ಉಳಿಯಬಾರದು. ಪೊದೆ ಮರೆಗೆ ಹೋಗುವುದಿದ್ದರೂ ಅವರಿಗೆ ಹೇಳಿಯೇ ಹೋಗಲಿ. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ನಿಂತು ತಲೆ ಎಣಿಸಿ. ಮತ್ತೆ, ಕಾಲಡಿಯ ಕಲ್ಲು ಜಾರಿ ಉರುಳಿದರೆ ಸುಮ್ನೆ ನೋಡುತ್ತಾ ನಿಲ್ಲಬೇಡಿ, “ಕಲ್ಲು!” ಎಂದು ಜೋರಾಗಿ ಕೂಗಿ.

— ಇವೆಲ್ಲಕ್ಕಿಂತ ನನಗೆ ರಿಡ್ಜ್ ಮೇಲೆ ಭಯ ಸಿಡಿಲಿನದು. ಅಲ್ಲಿ ಸುತ್ತಮುತ್ತ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಅದು ಸುಮಾರು 10 ಕಿ.ಮೀ. ಒಳಗೇ ಇದೆ ಎಂದರ್ಥ. ತುದಿಯ ಆಸೆ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಚಾಚಿದ ಬಂಡೆಯಡಿ ಕೂರಬೇಡಿ, ಎಲ್ಲರೂ ಒಟ್ಟಿಗೆ ಅಂಟಿಕೊಂಡೂ ಇರಬೇಡಿ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವ ತನಕ ಮತ್ತೆ ಹತ್ತುವ ಮಾತು ಬೇಡ. ಆದರೆ ಇಳಿಯುವುದು ಎಲ್ಲಿಂದ? ಎಷ್ಟೋ ಕಡೆ ಏಣಿನ ಎರಡೂ ಪಕ್ಕ ಕಡಿದಾಗಿರುತ್ತದೆ, ಬೇಕೆಂದಲ್ಲಿ ಇಳಿಯಲು ಆಗುವುದಿಲ್ಲ. ಮನೆಯಲ್ಲೇ ನಕ್ಷೆ ನೋಡಿ, ನಡುವೆ ಇಳಿದುಹೋಗುವ ದಾರಿಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಫೋನಿನಲ್ಲಿ ನಕ್ಷೆ ಇದ್ದರೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಂಡಿರಿ.

ತುಂಬಾ ಥ್ಯಾಂಕ್ಸ್. ಇಳಿಯುವ ದಾರಿಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನೀರು ಮೇಲೆ ಎಲ್ಲಾದರೂ ಸಿಗಬಹುದಾ?

— ನಂಬಬೇಡಿ. ಬಿದ್ದ ಮಳೆ ಎರಡೂ ಕಡೆ ಹರಿದುಹೋಗುವ ಜಾಗ ಅದು, ತೊರೆ ಇದ್ದರೆ ಕೆಳಗೆ ಕಣಿವೆಯಲ್ಲೇ. ತಲಾ 3 ಲೀಟರ್ ಹೊತ್ತುಕೊಂಡು ಹೋಗಲಿ. ಗಾಳಿ ತಡೆಯುವ ಜಾಕೆಟ್ಟೂ ಬೇಕು. 1000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಚಳಿ ಹೆಚ್ಚುತ್ತದೆ. ಬೆವರಿಗೆ ನೆನೆದ ಅಂಗಿಗೆ ಆ ಗಾಳಿ ಹೊಡೆದರೆ ಹಲ್ಲು ಕಟಕಟ ಅನ್ನುತ್ತದೆ. ಎಲ್ಲರ ಬಳಿಯೂ ಒಂದೊಂದು ಸೀಟಿ ಇರಲಿ. ಅಪಾಯವಾದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಸೀಟಿಯನ್ನು ಬ್ಯಾಗಿನೊಳಗೆ ತುರುಕಬೇಡಿ, ಹೆಗಲ ಪಟ್ಟಿಗೆ ಕಟ್ಟಿಕೊಳ್ಳಿ.