ಸಾಲ ತೀರಿಸುತ್ತಾ ಮನೆ ನಡೆಸಿದವರು ಅನುಭವ ಹೇಳಿ

ಕೊಂಚಾಡಿಯವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಸಂಬಳ ಕೈಗೆ 31,000. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ತಿಂಗಳಿಗೆ ಆರು ಸಾವಿರದ ಹತ್ತಿರ ಬರುತ್ತದೆ. ಬಾಡಿಗೆ 9,000. ಸೊಸೈಟಿಯಲ್ಲಿ ಚಿನ್ನ ಅಡವು 1,80,000 ಉಂಟು. ಕ್ರೆಡಿಟ್ ಕಾರ್ಡ್ 74,000. ಪರ್ಸನಲ್ ಲೋನ್ ಇಎಂಐ 7,400, ಇನ್ನೂ 26 ತಿಂಗಳು. ಎರಡು ಮಕ್ಕಳು. ಅತ್ತೆಯ ಶುಗರ್, ಬಿಪಿ ಮದ್ದಿಗೆ 2,300. ಯಾವುದು ಮೊದಲು ತೀರಿಸುವುದು? ಖರ್ಚು ಎಲ್ಲಿ ಕಡಿಮೆ ಮಾಡುವುದು? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ತೊಕ್ಕೊಟ್ಟು ಅಕ್ಕ:
ಚಿನ್ನ ಮಾರಿ. ಮೊದಲು ಅದು. ನಾನು ಮಾರಿದವಳು, ಹಾಗಾಗಿ ಹೇಳುತ್ತೇನೆ.

2018ರಲ್ಲಿ ಮನೆ ಕಟ್ಟುವಾಗ ನನ್ನ 10 ಪವನ್ ಅಡವು ಇಟ್ಟು 1,60,000 ತೆಗೆದೆವು. ಬಡ್ಡಿ 11. ವರ್ಷಕ್ಕೆ 17,600. ಪ್ರತಿ ವರ್ಷ ಹೋಗಿ ಬಡ್ಡಿ ಮಾತ್ರ ಕಟ್ಟಿ ಹೊಸದಾಗಿ ಬರೆಸಿಕೊಂಡು ಬರುವುದು. ಮೂರು ವರ್ಷಕ್ಕೆ 52,800 ಹೋಯಿತು. ಅಸಲು ಇದ್ದಲ್ಲೇ ಇತ್ತು. ನಡುವೆ 2020ರಲ್ಲಿ ನಮ್ಮವರು ದುಬೈ ಕೆಲಸ ಬಿಟ್ಟು ಬಂದರು. ಕಂಪನಿಯವರು ಎರಡು ತಿಂಗಳ ಸಂಬಳ ಕೊಡಲೇ ಇಲ್ಲ. ಇಲ್ಲಿ ಮನೆ ಕೆಲಸಕ್ಕೆ ತೆಗೆದ ಕೈಸಾಲ 1,20,000, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 2,400.

2021ರಲ್ಲಿ ಬಿಡಿಸಿ ಮಾರಿದೆ. 80 ಗ್ರಾಂ ಇತ್ತು, ಕಲ್ಲು, ಮೇಣ ಎಂದು 3 ಗ್ರಾಂ ಕಳೆದರು. ಗ್ರಾಂಗೆ 4,400ರಂತೆ 3,38,800 ಸಿಕ್ಕಿತು. ಅಡವು ತೀರಿತು, ಕೈಸಾಲ ತೀರಿತು, ಉಳಿದ 58,800 ಮನೆ ಸಾಲಕ್ಕೆ ಕಟ್ಟಿದೆ. ಕರಿಮಣಿ ಬಿಟ್ಟು ಮೈಮೇಲೆ ಏನೂ ಇರಲಿಲ್ಲ. ಮದುವೆ ಮನೆಗೆ ಹೋದಾಗ ನಾದಿನಿ ನನ್ನ ಕೈ ನೋಡಿದ ನೋಟ ಇನ್ನೂ ನೆನಪುಂಟು. ಆದರೆ ಆ ರಾತ್ರಿ ನಿದ್ದೆ ಬಂತು.

ಮೀನಿನಲ್ಲೂ ಅಷ್ಟೇ. ದುಬಾರಿ ಅಂಜಲ್ ಕಡೆ ತಿರುಗಿಯೂ ನೋಡಲಿಲ್ಲ, ಎರಡು ವರ್ಷ ಬರೀ ಅಗ್ಗದ ಬೂತಾಯಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಹೋಗುವುದಿಲ್ಲ, 61 ದಿನ ಮೀನಿನ ರೇಟು ಕೇಳುವುದೇ ಬೇಡ. ಅದಕ್ಕೆ ಮೇ ತಿಂಗಳಲ್ಲೇ ಒಣಮೀನು ತಂದು ಡಬ್ಬಿಗೆ ಹಾಕಿಡುತ್ತಿದ್ದೆ.

ಕುಂಜಿಬೆಟ್ಟು ನಿವೃತ್ತ:
ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವನು. ತಂಗೀ, ಮೊದಲು ಕಾರ್ಡ್. ಬೇರೆ ಮಾತೇ ಇಲ್ಲ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಎಂದರೆ 74,000ಕ್ಕೆ 2,590 ಬಡ್ಡಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 466. ಮಿನಿಮಮ್ ಡ್ಯೂ ಎಂದು 5 ಪರ್ಸೆಂಟ್, ಅಂದರೆ 3,700 ಕಟ್ಟಿದರೆ, ಸಾಲದಿಂದ ಇಳಿಯುವುದು ಬರೀ 644 ರೂಪಾಯಿ. ಬಾಕಿ ಇಟ್ಟುಕೊಂಡು ಅದೇ ಕಾರ್ಡಿನಲ್ಲಿ ದಿನಸಿ ತಂದರೆ ಅದಕ್ಕೂ ತಂದ ದಿನದಿಂದಲೇ ಬಡ್ಡಿ. ಕಾರ್ಡನ್ನು ಕತ್ತರಿಸಿ ಹಾಕಿ.

ಈಗ ನನ್ನದು. 1996ರಲ್ಲಿ ಹೆಂಡತಿಯ ತಮ್ಮನಿಗೆ ಜಾಮೀನು ಹಾಕಿದೆ. 1,20,000 ಸಾಲ, ಬಡ್ಡಿ 17. ಅವನು ಎರಡು ಕಂತು ಕಟ್ಟಿ ಮುಂಬೈಗೆ ಹೋದವನು ಹಿಂದೆ ತಿರುಗಿ ನೋಡಲಿಲ್ಲ. ನಾನು ಬ್ಯಾಂಕ್ ನೌಕರ, ಬಿಡುತ್ತಾರಾ? ಅಷ್ಟೂ ಸಾಲವನ್ನು ಹೊಸ ಕಂತು ಮಾಡಿ ನನ್ನ ತಲೆಗೆ ಕಟ್ಟಿದರು. ಕೈಗೆ 7,400 ಸಂಬಳ, ಅದರಲ್ಲಿ 3,200 ಕಂತು. 54 ತಿಂಗಳು. ಒಟ್ಟು 1,72,800. ಆ ಐದು ವರ್ಷ ಬ್ರಾಂಚಿಗೆ ನಡೆದೇ ಹೋದೆ. ಹೋಟೆಲಿನಲ್ಲಿ ಒಂದು ಲೋಟ ಚಾ ಕುಡಿಯಲಿಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಮಧ್ಯಾಹ್ನಕ್ಕೆ ಅದೇ ಅನ್ನ, ತಿಮರೆ (ಒಂದೆಲಗ) ಚಟ್ನಿ.

ಅದರಲ್ಲೂ ಪಿಗ್ಮಿ ಉಳಿತಾಯ ಬಿಡಲಿಲ್ಲ. ದಿನಕ್ಕೆ 5 ರೂಪಾಯಿ. ಪಿಗ್ಮಿ ಎನ್ನುವುದು ನಮ್ಮ ಉಡುಪಿಯದ್ದೇ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಆಗ ದಿನಕ್ಕೆ ಎರಡಾಣೆ. ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದರು, ಇಲ್ಲ ಎನ್ನಲು ನಾಚಿಕೆಯಾಗುತ್ತಿತ್ತು. ಮಗಳ ಶಾಲೆ ಫೀಸು ಅದರಿಂದಲೇ ಕಟ್ಟಿದೆ. ಯಾರಿಗೂ ಜಾಮೀನು ಹಾಕಬೇಡಿ. ತಮ್ಮನಿಗೂ ಬೇಡ, ಭಾವನಿಗೂ ಬೇಡ.

ಸುರತ್ಕಲ್ ಹುಡುಗ:
ಸರ್, ಬಡ್ಡಿ ಲೆಕ್ಕ ಸರಿ. ಆದರೆ ಜಾಸ್ತಿ ಬಡ್ಡಿಯದ್ದೇ ಮೊದಲು ಎಂದು ಕುಳಿತರೆ ನನ್ನಂಥವನು ಸತ್ತೇ ಹೋಗುತ್ತಿದ್ದ. ನನಗೆ ಐದು ಆ್ಯಪ್ ಸಾಲ ಇತ್ತು. 6,500, 8,000, 11,000, 15,500, 22,000. ಒಟ್ಟು 63,000. ಬೈಕ್ ಸಾಲ ಒಂದು ಲಕ್ಷ, 12 ಪರ್ಸೆಂಟ್. ಕಾರ್ಡ್ 41,000. ಸಂಬಳ 24,000. ಆ್ಯಪ್‌ನವರು ನನಗೆ ಮಾತ್ರ ಫೋನ್ ಮಾಡಲಿಲ್ಲ, ನನ್ನ ಫೋನಿನಲ್ಲಿದ್ದ ಎಲ್ಲರಿಗೂ ಮಾಡಿದರು. ಅಮ್ಮನಿಗೆ, ಚಿಕ್ಕಪ್ಪನಿಗೆ, ನಮ್ಮ ಸೂಪರ್‌ವೈಸರ್‌ಗೆ ಕೂಡ.

ನಾನು ಚಿಕ್ಕದು ಮೊದಲು ತೀರಿಸಿದೆ. 6,500 ಮುಗಿದ ದಿನ ಒಂದು ನಂಬರಿನಿಂದ ಫೋನ್ ನಿಂತಿತು. ಆ ಒಂದು ನಂಬರ್ ನಿಂತದ್ದು ಎಷ್ಟು ದೊಡ್ಡದು ಎಂದು ಲೆಕ್ಕದ ಪುಸ್ತಕಕ್ಕೆ ಗೊತ್ತಾಗುವುದಿಲ್ಲ. 11 ತಿಂಗಳಲ್ಲಿ ಐದೂ ಮುಗಿಸಿದೆ. ರೂಮು ಬಿಟ್ಟು ಮೂರು ಜನರ ಜೊತೆ ಸೇರಿದೆ, ಬಾಡಿಗೆ 5,500ರಿಂದ 1,900ಕ್ಕೆ ಬಂತು. ಶನಿವಾರ, ಭಾನುವಾರ ಕೇಟರಿಂಗ್‌ನಲ್ಲಿ ಬಡಿಸಲು ಹೋದೆ. ದಿನಕ್ಕೆ 700, ಊಟ ಅಲ್ಲೇ.

ಒಂದೇ ತಪ್ಪು ಮಾಡಿದೆ. ಕಾರ್ಡ್ ಬೆಳೆದು 58,000 ಆಗಿತ್ತು. ಒಬ್ಬ ಫೋನ್ ಮಾಡಿ, 30,000 ಕಟ್ಟಿ, ಮುಗಿಸಿಬಿಡೋಣ ಎಂದ. ನಾನು ಖುಷಿಯಿಂದ ಕಟ್ಟಿದೆ. ಈಗ ಸಿಬಿಲ್‌ನಲ್ಲಿ, ಅಂದರೆ ನನ್ನ ಸಾಲದ ದಾಖಲೆಯಲ್ಲಿ, 'ಸೆಟಲ್ಡ್' ಎಂದು ಉಂಟು, 'ಕ್ಲೋಸ್ಡ್' ಎಂದು ಇಲ್ಲ. ಮನೆ ಸಾಲ ಕೇಳಿದ ಎರಡೂ ಕಡೆ ಅದನ್ನೇ ತೋರಿಸಿ ಇಲ್ಲ ಎಂದರು. ಯಾರಾದರೂ ಅರ್ಧಕ್ಕೆ ಮುಗಿಸೋಣ ಎಂದರೆ ಈ ಮಾತು ನೆನಪಿಡಿ.

ಕುಂಜಿಬೆಟ್ಟು ನಿವೃತ್ತ:
ತಮ್ಮಾ, ನಿನ್ನ ಬೈಕ್ ಸಾಲ 12 ಪರ್ಸೆಂಟ್ ಅಲ್ಲ. ಲಕ್ಷಕ್ಕೆ 36 ತಿಂಗಳು, ತಿಂಗಳಿಗೆ 3,778 ಕಟ್ಟಿರಬೇಕು ಅಲ್ವಾ? ಅದು ಫ್ಲ್ಯಾಟ್ ಬಡ್ಡಿ. ಅಸಲು ಇಳಿಯುತ್ತಾ ಹೋದರೂ ಬಡ್ಡಿ ಪೂರ್ತಿ ಒಂದು ಲಕ್ಷಕ್ಕೇ ಹಾಕುತ್ತಾರೆ. ನಿಜವಾದ ಬಡ್ಡಿ 21 ದಾಟುತ್ತದೆ. ಇದನ್ನು ನೋಡದೆ ಸಹಿ ಹಾಕಿ, ಆಮೇಲೆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ ಎಂದರೆ ಹೇಗೆ?

ಸುರತ್ಕಲ್ ಹುಡುಗ:
ಹೌದು, 3,778. ಆದರೆ ನಿಮ್ಮ ಕಾಲದಲ್ಲಿ ಸಾಲ ಕೊಟ್ಟವರು ಮನೆ ಬಾಗಿಲಲ್ಲಿ ಮರ್ಯಾದೆಯಿಂದ ಕೇಳುತ್ತಿದ್ದರು. ನನ್ನ ಫೋಟೋಕ್ಕೆ 'ಕಳ್ಳ' ಎಂದು ಬರೆದು ಕಳಿಸಿದ್ದರು. ಅದು ನಿಮಗೆ ಆಗಿದ್ದರೆ ನೀವೂ 6,500 ಮೊದಲು ಕಟ್ಟುತ್ತಿದ್ದಿರಿ.

ಬಿಜೈ ಮನೆಯವರು:
ತೊಕ್ಕೊಟ್ಟು ಅಕ್ಕ, ಬೇಜಾರು ಮಾಡಬೇಡಿ. ಆದರೆ 77 ಗ್ರಾಂ 4,400ಕ್ಕೆ ಕೊಟ್ಟಿದ್ದೀರಿ. 2025ರಲ್ಲೇ ಗ್ರಾಂ 10,000 ದಾಟಿತು. ಆ ಲೆಕ್ಕಕ್ಕೇ ಏಳೂಮುಕ್ಕಾಲು ಲಕ್ಷದ ಚಿನ್ನ ಅದು. ನಾವು ಬಡ್ಡಿ ಕಟ್ಟುತ್ತಾ ಹಿಡಿದುಕೊಂಡೆವು, ಕಷ್ಟ ಆಯಿತು, ಆದರೆ ಚಿನ್ನ ಉಳಿಯಿತು. ಇವರಿಗೆ ಮಾರಿ ಎಂದು ಸಲಹೆ ಕೊಡಬೇಡಿ.

ತೊಕ್ಕೊಟ್ಟು ಅಕ್ಕ:
ಹಿಡಿದುಕೊಳ್ಳಲು ನಿಮ್ಮಲ್ಲಿ ಸಂಬಳ ಇತ್ತು. ನಮ್ಮಲ್ಲಿ ಇರಲಿಲ್ಲ. ಒಂದೂವರೆ ವರ್ಷ ನಮ್ಮವರಿಗೆ ಕೆಲಸ ಇಲ್ಲ, ನಾನು ರಾತ್ರಿ ಹನ್ನೊಂದರವರೆಗೆ ಬೀಡಿ ಕಟ್ಟಿ ಮನೆ ನಡೆಸಿದವಳು. ಬಡ್ಡಿ ಕಟ್ಟಲು ಆಗದಿದ್ದರೆ ಅದು ಏಲಂ ಆಗುತ್ತಿತ್ತು. ಆಗ ನನಗೆ ಏಳೂಮುಕ್ಕಾಲು ಲಕ್ಷ ಯಾರು ಕೊಡುತ್ತಿದ್ದರು? ದಿನಾ ಪೇಪರಿನಲ್ಲಿ ರೇಟು ನೋಡುವಾಗ ನನಗೆ ಎಂತ ಆಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಶಿರ್ವದವಳು:
ನಮ್ಮದು ಮೈಕ್ರೋಫೈನಾನ್ಸ್ ಗುಂಪಿನ ವಾರದ ಸಾಲ. ಮೂರು ಕಡೆಯದ್ದು. ಸೋಮವಾರ 1,150, ಬುಧವಾರ 840, ಶುಕ್ರವಾರ 920. ಒಂದನ್ನು ಕಟ್ಟಲು ಇನ್ನೊಂದು ತೆಗೆದದ್ದು. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಹಾಗಾಗಿ ಹೊರಗಿನವರಿಗಿಂತ ಪಕ್ಕದ ಮನೆಯವರ ಮುಖ ನೋಡಲು ಹೆದರಿಕೆ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಷ್ಟು ಹೊತ್ತಿಗೆ ನಾನು ತೀರಿಸಿ ಆಗಿತ್ತು.

ತೀರಿಸಿದ್ದು ಮಲ್ಲಿಗೆಯಿಂದ. ಅಂಗಳದಲ್ಲಿ 30 ಗಿಡ. ಬೆಳಿಗ್ಗೆ ಐದೂವರೆಗೆ ಮೊಗ್ಗು ಕೊಯ್ಯಲು ಶುರು. ಬಾಳೆ ನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಶಂಕರಪುರದ ಹೂವಿನ ಕಟ್ಟೆಯಲ್ಲಿ ಹೇಳುತ್ತಾರೆ. ಮದುವೆ ಸೀಸನ್‌ನಲ್ಲಿ ಅಟ್ಟೆಗೆ ಸಾವಿರ ದಾಟುತ್ತದೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಇನ್ನೂರಕ್ಕೂ ಇಳಿದದ್ದುಂಟು. ಮೊದಲ ವರ್ಷ ಗೊಬ್ಬರ, ಮದ್ದು, ಕೆಂಪು ಮಣ್ಣು ಎಂದು 9,300 ಖರ್ಚು ಮಾಡಿದೆ, ಬಂದದ್ದು 4,000 ಚಿಲ್ಲರೆ. ಮಳೆಗೆ 7 ಗಿಡ ಬೇರು ಕೊಳೆತು ಸತ್ತವು. ಎರಡನೇ ವರ್ಷದಿಂದ ಸೋಮವಾರದ ಕಂತು ಹೂವೇ ಕಟ್ಟಿತು.

ಇನ್ನು ಗೃಹಲಕ್ಷ್ಮಿಯ 2,000 ನಾನು ಮನೆ ಖರ್ಚಿಗೆ ಮುಟ್ಟಲಿಲ್ಲ. ಬಂದ ದಿನವೇ ಸಾಲಕ್ಕೆ.

ಮಂಡ್ಯದಿಂದ ಬಂದು ಪಂಪ್‌ವೆಲ್‌ನಲ್ಲಿರುವವರು:
ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ. ಓಡಾಟದ ಖರ್ಚೇ ಇಲ್ಲ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಶಿರ್ವದವಳು:
ಯಾವ ಬಸ್ ಫ್ರೀ ಮಾರಾಯ್ರೆ? ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಓಡುವುದು ಸಿಟಿ ಬಸ್, ಸರ್ವಿಸ್ ಬಸ್, ಎಲ್ಲ ಖಾಸಗಿ. 2023ರ ಜೂನ್‌ನಲ್ಲಿ ಶುರುವಾದಾಗ ನಾನೂ ಆಧಾರ್ ಕಾರ್ಡ್ ಹಿಡಿದು ಅರ್ಧ ಗಂಟೆ ಸರ್ಕಾರಿ ಬಸ್ಸಿಗೆ ಕಾದವಳು. ಉಡುಪಿಗೆ ಹೋಗಿ ಬರಲು 60ರ ಮೇಲೆ ಬೇಕು. ತಿಂಗಳಿಗೆ ಎಂಟು ಸಲ ಹೋದರೆ ಐನೂರು ಆಯಿತು.

ಪಂಪ್‌ವೆಲ್‌ನಲ್ಲಿರುವವರು:
ಗೊತ್ತಿರಲಿಲ್ಲ. ನಮ್ಮ ಊರಿನಲ್ಲಿ ನನ್ನ ಅಕ್ಕ ದಿನಾ ಹೋಗುತ್ತಾಳೆ, ಅದಕ್ಕೆ ಹೇಳಿದೆ. ಅಷ್ಟಕ್ಕೆ ಸಿಟ್ಟು ಬೇಡ.

ಸುರತ್ಕಲ್ ಹುಡುಗ:
ಸಿಟ್ಟಲ್ಲ. ಎರಡೂ ಜಿಲ್ಲೆಯವರು 2023ರಿಂದಲೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ.

ಬಿಜೈ ಮನೆಯವರು:
ಆದರೆ ಖಾಸಗಿ ಬಸ್ ಐದು ನಿಮಿಷಕ್ಕೊಂದು ಸಿಗುತ್ತದೆ, ಅದನ್ನೂ ಹೇಳಿ. ಕರೆಂಟ್ ವಿಷಯ ಒಂದು ಹೇಳುತ್ತೇನೆ. ಗೃಹಜ್ಯೋತಿ ಬಂತೆಂದು ನಾವು ಗ್ಯಾಸ್ ಉಳಿಸಲು ಇಂಡಕ್ಷನ್ ತಂದೆವು, 2,150 ಕೊಟ್ಟು. ನಮ್ಮ ಸರಾಸರಿ 62 ಯೂನಿಟ್. ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ 68 ಮಾತ್ರ ಫ್ರೀ, 200 ಅಲ್ಲ. ಮೊದಲ ತಿಂಗಳೇ 131 ಆಯಿತು, 63 ಯೂನಿಟ್‌ಗೆ ದುಡ್ಡು ಕಟ್ಟಿದೆವು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಈಗ ಅದು ಅಟ್ಟದ ಮೇಲೆ ಉಂಟು. ನೀರು ಕಾಯಿಸಲು ಹಂಡೆಯೇ ಸರಿ, ತೆಂಗಿನ ಮಡಲು, ಗೆರಟೆ, ಸಿಪ್ಪೆ ಸಾಕು.

ಕೊಂಚಾಡಿಯವಳು:
ಎಲ್ಲರಿಗೂ ಥ್ಯಾಂಕ್ಸ್. ನಾವು ಮೂರನೇ ಮಾಳಿಗೆಯಲ್ಲಿದ್ದೇವೆ, ಹಂಡೆ, ಮಲ್ಲಿಗೆ ಎರಡೂ ಆಗುವುದಿಲ್ಲ. ಕಾರ್ಡ್ ಮೊದಲು ಎಂದು ಯಜಮಾನರೂ ಒಪ್ಪಿದರು. ಅತ್ತೆಯ ಮದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಏನಾದರೂ ಕಡಿಮೆ ಮಾಡಲು ಆಗುತ್ತದಾ?

ಕುಂಜಿಬೆಟ್ಟು ನಿವೃತ್ತ:
ಜನೌಷಧಿ ಕೇಂದ್ರಕ್ಕೆ ಹೋಗಿ. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರು ಮಾತ್ರ ಇದ್ದರೆ ಮದ್ದಿನ ಮೂಲ ಹೆಸರು ಬರೆದುಕೊಡಲು ಕೇಳಿ. ನನ್ನ ಹೆಂಡತಿಯ ಬಿಪಿ, ಶುಗರ್ ಮದ್ದು ತಿಂಗಳಿಗೆ 1,900 ಇದ್ದದ್ದು 600ರ ಒಳಗೆ ಬಂತು. ಮದ್ದು ಬದಲಾಯಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ. ದಿನ ಬಿಟ್ಟು ದಿನ ಮಾತ್ರೆ ಕೊಟ್ಟು ಉಳಿಸಲು ಮಾತ್ರ ಹೋಗಬೇಡಿ. ನನ್ನ ಅಕ್ಕ ಹಾಗೆ ಮಾಡಿ ಆಸ್ಪತ್ರೆ ಸೇರಿದಳು. 84,000 ಬಿಲ್ಲು.

ಮಲ್ಪೆಯವನು:
ಮೇಲೆ ಒಣಮೀನು ಮೇ ತಿಂಗಳಲ್ಲಿ ತಂದೆ ಎಂದವರಿಗೆ: ಮೇ ಕೊನೆಗೆ ಎಲ್ಲರೂ ತರುತ್ತಾರೆ, ರೇಟು ಏರಿರುತ್ತದೆ. ನಾವು ಫೆಬ್ರವರಿಯಲ್ಲೇ ತರುತ್ತೇವೆ. ತಂದದ್ದನ್ನು ಮತ್ತೆ ಎರಡು ಬಿಸಿಲು ಒಣಗಿಸಿ.

ತೊಕ್ಕೊಟ್ಟು ಅಕ್ಕ:
ಫೆಬ್ರವರಿಯಲ್ಲಿ ತಂದದ್ದು ಜುಲೈಗೆ ಹುಳ ಬೀಳುತ್ತದೆ. ನಾನು ಮಾಡಿ ನೋಡಿದ್ದೇನೆ, ಎರಡು ಕಿಲೋ ಎಸೆದೆ.

ಮಲ್ಪೆಯವನು:
ಉಪ್ಪು ಕಡಿಮೆ ಆಗಿರಬೇಕು. ಇಲ್ಲದಿದ್ದರೆ ಡಬ್ಬಿಯಲ್ಲಿ ಪಸೆ ಇತ್ತು.

ಬಿಜೈ ಮನೆಯವರು:
ಅಕ್ಕ, ಚಿನ್ನದ ಮಾತು ಹಾಗೆ ಹೇಳಬಾರದಿತ್ತು. ನಮ್ಮ ಅಡವು ಕೂಡ ಇನ್ನೂ ಪೂರ್ತಿ ಬಿಡಿಸಿ ಆಗಲಿಲ್ಲ. ಇಷ್ಟು ವರ್ಷದ ಬಡ್ಡಿ ಕೂಡಿಸಿ ನೋಡಲು ಧೈರ್ಯ ಬರುವುದಿಲ್ಲ.

ತೊಕ್ಕೊಟ್ಟು ಅಕ್ಕ:
ಇರಲಿ. ಆ ಹತ್ತು ಪವನ್‌ನಲ್ಲಿ ನಾಲ್ಕು ನನ್ನ ಅಮ್ಮನ ಬಳೆ. ಉಳಿದದ್ದಕ್ಕೆ ನನಗೆ ಬೇಜಾರಿಲ್ಲ.