ವಾರ್ಡ್ ಚುನಾವಣೆ: ಓಡಾಟದ ವಿಷಯದಲ್ಲಿ ಅಭ್ಯರ್ಥಿಗಳನ್ನು ಏನು ಕೇಳಬೇಕು?

ನಾಲ್ಕನೇ ಕ್ರಾಸ್
ಬೆಂಗಳೂರಲ್ಲಿ ಪಾಲಿಕೆ ಚುನಾವಣೆ 2015ರಲ್ಲಿ ಆಗಿತ್ತು. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಈಗ ಐದು ಪಾಲಿಕೆ ಆಗಿವೆ, ವಾರ್ಡ್‌ಗಳೂ ಹೊಸವು. ನಮ್ಮ ಏರಿಯಾದಲ್ಲಿ ನಿಲ್ಲಬೇಕು ಅಂತಿರುವ ಮೂವರು ಈಗಲೇ ಮನೆಗೆ ಬಂದು ಹೋದರು. ಒಬ್ಬರು ಮೆಟ್ರೋ ತರಿಸುತ್ತೇನೆ ಅಂದರು, ಇನ್ನೊಬ್ಬರು ಫ್ಲೈಓವರ್, ಮತ್ತೊಬ್ಬರು ಹೊಸ ಬಸ್ ರೂಟ್. ಅಮ್ಮನಿಗೆ 68 ವಯಸ್ಸು. ಮನೆಯಿಂದ ಬಸ್ ಸ್ಟಾಪ್ 600 ಮೀಟರ್. ಅಷ್ಟು ದೂರ ಅವರು ಗಾಡಿಗಳ ಮಧ್ಯೆ ಇಳಿಯದೆ ನಡೆಯುವ ಹಾಗಾದರೆ ನನಗೆ ಸಾಕು. ಕಾರ್ಪೊರೇಟರ್ ಕೈಯಲ್ಲಿ ನಿಜವಾಗಿ ಏನಿರುತ್ತದೆ?

ಕಿಟಕಿ ಸೀಟು
ಮೆಟ್ರೋ ಮಾತು ಬಿಟ್ಟುಬಿಡಿ ಸರ್. ಅದು ರಾಜ್ಯ, ಕೇಂದ್ರ ಸೇರಿ ನಡೆಸುವ ಕಂಪನಿ. ಸಿಟಿ ಬಸ್ ಓಡಿಸುವ ಬಿಎಂಟಿಸಿ ರಾಜ್ಯ ಸರ್ಕಾರದ್ದು, ಟ್ರಾಫಿಕ್ ಪೊಲೀಸರು ಗೃಹ ಇಲಾಖೆಗೆ ಸೇರಿದವರು. ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ (ಜಿಬಿಎ) ಮುಖ್ಯಮಂತ್ರಿಗಳೇ ಅಧ್ಯಕ್ಷರು. ವಾರ್ಡ್‌ಗೆ ಉಳಿಯುವುದು ಒಳರಸ್ತೆ, ಫುಟ್‌ಪಾತ್, ಮೋರಿ, ಬೀದಿ ದೀಪ. ನಿಮ್ಮ ಅಮ್ಮ ನಡೆಯುವ ದಾರಿ ಪೂರ್ತಿ ಇದರಲ್ಲೇ ಬಂತು ಅಲ್ವಾ? ನಮ್ಮಲ್ಲಿ ಎಷ್ಟೋ ಕಡೆ ಮೋರಿ ಮೇಲಿನ ಚಪ್ಪಡಿಯೇ ಫುಟ್‌ಪಾತ್. ಹೂಳೆತ್ತಲು ಚಪ್ಪಡಿ ತೆಗೆದರೆ ಎಷ್ಟು ದಿನದಲ್ಲಿ ವಾಪಸ್ ಹಾಕಿಸುತ್ತೀರಿ ಅಂತ ಕೇಳಿ. ಫ್ಲೈಓವರ್ ಅಂದವರಿಗೂ ಇದನ್ನೇ ಕೇಳಿ.

ಸಂಜೆ ಪಾಳಿ
ಬಸ್ ರೂಟ್ ಅಂದವರನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು ರಾತ್ರಿ 10ಕ್ಕೆ ಕೆಲಸ ಮುಗಿಸಿ ಬರುವವಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚು ತಪ್ಪಿತು, ಆದರೆ ಸ್ಟಾಪಿಂದ ಮನೆವರೆಗೆ ದೀಪ ಇಲ್ಲದೆ ಎಷ್ಟೋ ದಿನ ಆಟೋಗೆ ದುಡ್ಡು ಕೊಟ್ಟಿದ್ದೇನೆ. ಇನ್ನೊಂದು ವಿಷಯ, ನಮ್ಮ ಒಳರಸ್ತೆಯಲ್ಲಿ ಎರಡೂ ಕಡೆ ಕಾರು ನಿಂತಿರುತ್ತವೆ, ಮಿನಿ ಬಸ್ ಕೂಡ ತಿರುಗೋಕೆ ಆಗಲ್ಲ. ರೂಟ್ ಕೊಡುವುದು ಬಿಎಂಟಿಸಿ, ಸರಿ. ಬಸ್ ಬರೋಕೆ ಜಾಗ ಮಾಡಿಕೊಡುವುದು ವಾರ್ಡಿನ ಕೆಲಸ. ಯಾವ ರಸ್ತೆಯಲ್ಲಿ ಒಂದು ಕಡೆ ಪಾರ್ಕಿಂಗ್ ನಿಲ್ಲಿಸೋಕೆ ಹೋರಾಡುತ್ತೀರಿ, ಹೆಸರು ಹೇಳಿ ಅನ್ನಿ.

ಬೆಳಗಿನ ನಡಿಗೆ
ಸುಮ್ನೆ ಕೂತು ಕೇಳಬೇಡಿ, ಅಭ್ಯರ್ಥಿಯನ್ನು ಆ 600 ಮೀಟರ್ ನಡೆಸಿಕೊಂಡು ಹೋಗಿ, ಜೊತೆಗೆ ಅಮ್ಮನೂ ಇರಲಿ. ಹೋದ ವರ್ಷ ನಮ್ಮ ಬೀದಿಯಲ್ಲಿ ನಾನು ಹಾಗೆ ಎಣಿಸಿದಾಗ ಮುರಿದ ಚಪ್ಪಡಿ 4, ಟ್ರಾನ್ಸ್‌ಫಾರ್ಮರ್ 1, ಮನೆ ಗೇಟಿನ ಮುಂದೆ ಕಟ್ಟಿದ ಇಳಿಜಾರು 11 ಸಿಕ್ಕವು. ಜಾಸ್ತಿ ಇದ್ದದ್ದು ನಾವೇ ಕಟ್ಟಿದ್ದು! ಫುಟ್‌ಪಾತ್ ಅಂದ ತಕ್ಷಣ ಎಲ್ಲರೂ ಸೊಪ್ಪಿನ ಗಾಡಿಯವರನ್ನು ಎಬ್ಬಿಸುವ ಮಾತಾಡುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಗೇಟಿನ ಇಳಿಜಾರಿಗೆ ಯಾವ ಕಾಯ್ದೆ ಇದೆ? ನಿಮಗೆ ವೋಟು ಹಾಕುವವರ ಇಳಿಜಾರನ್ನೂ ಒಡೆಸುತ್ತೀರಾ ಅಂತ ಕೇಳಿ. ತಡವರಿಸದೆ ಹೂಂ ಅಂದವರಿಗೆ ನನ್ನ ವೋಟು.

ನಾಲ್ಕನೇ ಕ್ರಾಸ್
ಮೂವರಿಗೂ ಫೋನ್ ಮಾಡಿದೆ. ಬಸ್ ರೂಟ್ ಅಂದವರು ಭಾನುವಾರ ಬೆಳಗ್ಗೆ 7ಕ್ಕೆ ಬರಲು ಒಪ್ಪಿದ್ದಾರೆ, ಅಮ್ಮನೂ ಬರುತ್ತಾರೆ. ಈಗ ತಾನೇ ಟೇಪ್ ಹಿಡಿದು ಅಳೆದೆ, ನಮ್ಮ ಮನೆಯ ಇಳಿಜಾರೇ ಫುಟ್‌ಪಾತ್ ಮೇಲೆ ಒಂದೂವರೆ ಅಡಿ ಬಂದಿದೆ. ಮೇಸ್ತ್ರಿಗೆ ಶನಿವಾರ ಬರಲು ಹೇಳಿದ್ದೇನೆ.