ಪ್ರಶ್ನೋತ್ತರ: ‘ಹೈಬ್ರಿಡ್’ ಗಾಂಜಾ ಮತ್ತು ನಮ್ಮ ಹೈಬ್ರಿಡ್ ಟೊಮ್ಯಾಟೊ ಒಂದೇ ಬಗೆಯವೇ?

ಪ್ರಶ್ನೆ (ರಾಜಾಜಿನಗರದ ತಾರಸಿ ತೋಟಗಾರರೊಬ್ಬರಿಂದ): ನಮಸ್ಕಾರ ಮೇಡಂ. ಮಗಳ ಮನೆಗೆಂದು ಕೆನಡಾಕ್ಕೆ ಹೋಗಿದ್ದಾಗ ಅಲ್ಲಿನ ಅಂಗಡಿಯೊಂದರಲ್ಲಿ ಗಾಂಜಾ ಪೊಟ್ಟಣಗಳ ಮೇಲೆ ‘ಹೈಬ್ರಿಡ್: ಇಂಡಿಕಾ 60, ಸಟೈವಾ 40’ ಎಂದು ಅಚ್ಚಾಗಿದ್ದುದನ್ನು ಕಂಡೆ. ಪಕ್ಕದ ಮನೆಯವರ ಹಿತ್ತಲಿನಲ್ಲೂ ಅಂಥ ನಾಲ್ಕು ಗಿಡಗಳಿದ್ದವು. ಇಪ್ಪತ್ತು ವರ್ಷಗಳಿಂದ ಹೈಬ್ರಿಡ್ ಟೊಮ್ಯಾಟೊ ಬೆಳೆಯುತ್ತಿರುವ ನನಗೆ ಕುತೂಹಲ ಹುಟ್ಟಿತು. ಈ ತಳಿಯ ಗುಣಗಳೇನು? ಬೆಂಗಳೂರಿನ ಹವೆಗೆ ಅದು ಒಗ್ಗುತ್ತದೆಯೇ? ಬರೀ ನೋಡಲಿಕ್ಕೆಂದು ಒಂದು ಕುಂಡದಲ್ಲಿ ಬೆಳೆಸಿದರೆ ತಪ್ಪಾಗುತ್ತದೆಯೇ?

ಉತ್ತರ (ಸಸ್ಯತಳಿ ಶಾಸ್ತ್ರದ ಅಧ್ಯಾಪಕಿ): ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ತಪ್ಪಾಗುತ್ತದೆ, ಅದೂ ಸಣ್ಣ ತಪ್ಪಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯು ‘ಕ್ಯಾನಬಿಸ್ ಕುಲದ ಯಾವುದೇ ಗಿಡ’ ಎಂದೇ ವ್ಯಾಖ್ಯಾನಿಸಿರುವುದರಿಂದ ಹೈಬ್ರಿಡ್, ನಾಟಿ, ಅಮಲು ಕಡಿಮೆ ಇರುವ ತಳಿ ಎಂಬ ಭೇದ ಅದರ ಮುಂದೆ ನಡೆಯುವುದಿಲ್ಲ. ಒಣಗಿದ ಗಾಂಜಾ ಸಿಕ್ಕಾಗ 1 ಕಿಲೋ, 20 ಕಿಲೋ ಎಂಬ ತೂಕದ ಮೇಲೆ ಶಿಕ್ಷೆ ನಿರ್ಧಾರವಾಗುತ್ತದೆ. ಪರವಾನಗಿಯಿಲ್ಲದೆ ಗಿಡ ಬೆಳೆಸಿದ್ದಕ್ಕೆ ಆ ಲೆಕ್ಕವೇ ಇಲ್ಲ, 20ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕೆನಡಾ 2018ರ ಅಕ್ಟೋಬರ್‌ನಲ್ಲಿ ಕಾನೂನು ಬದಲಿಸಿಕೊಂಡು ಬಹುತೇಕ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ ಎಂದು ಮಿತಿ ಹಾಕಿತು. ನೀವು ಕಂಡದ್ದು ಅದನ್ನೇ. ಆದ್ದರಿಂದ ಬೇಸಾಯದ ವಿಧಾನವನ್ನು ನಾನು ಇಲ್ಲಿ ವಿವರಿಸುವುದಿಲ್ಲ, ಗಿಡದ ಗುಣದ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಟೊಮ್ಯಾಟೊ ಪೊಟ್ಟಣದ ಮೇಲಿರುವ ‘ಹೈಬ್ರಿಡ್’ ಎಂಬ ಮಾತಿಗೆ ನಿಖರವಾದ ಅರ್ಥವಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯಂತೆ, ಆಯ್ದ ಎರಡು ತಾಯ್ತಂದೆ ಸಾಲುಗಳನ್ನು ಬೇಕೆಂದೇ ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ ಅದು. ಅದರ ಹಣ್ಣಿನಿಂದ ಬೀಜ ತೆಗೆದು ಮತ್ತೆ ಬಿತ್ತಿದರೆ ಗುಣ ಚದುರಿಹೋಗುತ್ತದೆ. ಗಾಂಜಾದ ಮಾರುಕಟ್ಟೆಯಲ್ಲಿ ಅದೇ ಪದವನ್ನು ಬಹಳ ಸಡಿಲವಾಗಿ ಬಳಸುತ್ತಾರೆ. ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಸಟೈವಾ ಎಂದು ಹೆಸರಿಟ್ಟ ಗಿಡಕ್ಕೂ, ಭಾರತದಿಂದ ಹೋದ ಮಾದರಿಗಳನ್ನು ನೋಡಿ ಲಮಾರ್ಕ್ 1785ರಲ್ಲಿ ಇಂಡಿಕಾ ಎಂದು ಹೆಸರಿಟ್ಟ ಗಿಡಕ್ಕೂ ಹುಟ್ಟಿದ ಬೆರಕೆಯೆಲ್ಲವೂ ಅಲ್ಲಿ ಹೈಬ್ರಿಡ್ ಎನಿಸಿಕೊಳ್ಳುತ್ತದೆ. ಆ ಬೆರಕೆಗಳೇ ಹತ್ತಾರು ಸಲ ತಮ್ಮೊಳಗೆ ಕೂಡಿರುವುದರಿಂದ 60–40 ಎಂಬ ಅಂಕಿ ವ್ಯಾಪಾರದ ಅಂದಾಜೇ ಹೊರತು ಪ್ರಯೋಗಾಲಯದ ಅಳತೆಯಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನು ನಮ್ಮ ಇಂಡಾಫ್ ರಾಗಿಯನ್ನು ನೆನಪಿಸಿಕೊಳ್ಳಿ. ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಆಯ್ದು ನೆಲೆಗೊಳಿಸಿದ ತಳಿಗಳವು. ರಾಗಿ ತನ್ನ ಪರಾಗವನ್ನೇ ಬಳಸಿಕೊಳ್ಳುವುದರಿಂದ ರೈತರು ಬೀಜ ಉಳಿಸಿ ಬಿತ್ತಿದರೂ ಗುಣ ಕೆಡಲಿಲ್ಲ. ಗಾಂಜಾದಲ್ಲಿ ಹಾಗಾಗದು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಪರಾಗವನ್ನು ಹೊರುವುದು ಗಾಳಿ; ಹೀಗಾಗಿ ಒಂದೇ ಹೆಸರಿನ ಬೀಜಗಳಿಂದ ಬಗೆಬಗೆಯ ಗಿಡಗಳೇಳುತ್ತವೆ, ಗುಣ ಕಾಪಾಡಿಕೊಳ್ಳಬೇಕೆನ್ನುವವರು ಕಡ್ಡಿ ನೆಟ್ಟೇ ಮುಂದುವರಿಸುತ್ತಾರೆ.

ಅಮಲಿನ ವಿಷಯದಲ್ಲಿ ಎಲೆಯ ಅಗಲವಾಗಲೀ ಗಿಡದ ಎತ್ತರವಾಗಲೀ ನಂಬತಕ್ಕ ಗುರುತಲ್ಲ. ಹೆಣ್ಣು ಹೂವಿನ ರಾಳಗ್ರಂಥಿಗಳಲ್ಲಿ ಅಮಲೇರಿಸುವ ಟಿಎಚ್‌ಸಿ ಹೆಚ್ಚೋ ಅಮಲೇರಿಸದ ಸಿಬಿಡಿ ಹೆಚ್ಚೋ ಎಂಬುದನ್ನು ಬಹುಮಟ್ಟಿಗೆ ಒಂದೇ ಜೀನು ನೆಲೆ ನಿರ್ಧರಿಸುತ್ತದೆ. ಎರಡು ಶುದ್ಧ ಬಗೆಗಳನ್ನು ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎರಡೂ ಇರುತ್ತವೆ. ಅವುಗಳನ್ನು ತಮ್ಮೊಳಗೆ ಕೂಡಿಸಿದರೆ ಮುಂದಿನ ಪೀಳಿಗೆಯು 1:2:1ರಂತೆ, ಅಂದರೆ ಒಂದು ಪಾಲು ಟಿಎಚ್‌ಸಿ ಬಗೆ, ಎರಡು ಪಾಲು ಎರಡೂ ಇರುವ ಬಗೆ, ಒಂದು ಪಾಲು ಸಿಬಿಡಿ ಬಗೆ ಎಂದು ಒಡೆಯುತ್ತದೆ. ಶಾಲೆಯಲ್ಲಿ ಓದಿದ ಮೆಂಡೆಲ್‌ನ ಬಟಾಣಿಯ ಲೆಕ್ಕ ಇಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದು ನನಗೆ ಈಗಲೂ ಸೋಜಿಗವೇ.

ಹವೆಗಿಂತ ಹಗಲಿನ ಉದ್ದ ಈ ಗಿಡಕ್ಕೆ ದೊಡ್ಡ ಸಂಗತಿ. ಇದು ಹಗಲು ಕಿರಿದಾದಾಗ ಹೂ ಬಿಡುವ ಜಾತಿ. 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲವಾದ್ದರಿಂದ, ಯೂರೋಪಿನ ದೀರ್ಘ ಹಗಲಿಗಾಗಿ ರೂಪಿಸಿದ ನಾರಿನ ತಳಿಗಳು ಉಷ್ಣವಲಯಕ್ಕೆ ಬಂದರೆ ಬೆಳೆಯುವ ಮೊದಲೇ ಹೂಬಿಟ್ಟು ಕುಳ್ಳಾಗುತ್ತವೆ. ಉತ್ತರಾಖಂಡವು 2018ರಲ್ಲಿ ನಾರು, ಬೀಜಗಳಿಗೆಂದು ಈ ಗಿಡ ಬೆಳೆಸಲು ಪರವಾನಗಿ ಕೊಡಲಾರಂಭಿಸಿತು. ಅಲ್ಲಿ ಟಿಎಚ್‌ಸಿ ಶೇ. 0.3 ಮೀರುವಂತಿಲ್ಲ.

ಮರುಪ್ರಶ್ನೆ (ಹೊಸಕೋಟೆಯ ರೈತರಿಂದ): ಮೇಡಂ, ನಮ್ಮ ಗೊಬ್ಬರದಂಗಡಿಯಲ್ಲಿ ‘ಸನ್‌ಹೆಂಪ್’ ಎಂಬ ಚೀಲವನ್ನು ರಾಜಾರೋಷವಾಗಿ ಮಾರುತ್ತಾರಲ್ಲ, ಅದು ಯಾವುದು?

ಉತ್ತರ: ಅದು ನಮ್ಮ ಅಪ್ಸೆಣಬು. ಅವರೆ, ಹುರುಳಿಗಳ ಬಳಗದ್ದು, ಹಳದಿ ಹೂವಿನದು. ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಉತ್ತು ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರ. ಹೆಸರಿನಲ್ಲಿ ‘ಹೆಂಪ್’ ಇರುವುದು ನಾರಿನ ಕಾರಣದಿಂದ ಮಾತ್ರ, ನಿಶ್ಚಿಂತೆಯಿಂದ ಬಿತ್ತಿ.

ಮರುಪ್ರಶ್ನೆ (ವಿಜಯನಗರದಿಂದ): ನಮ್ಮದು ರಾಯಚೂರು ಕಡೆ. ತಾರಸಿಯಲ್ಲಿ ಪುಂಡಿ ಸೊಪ್ಪು ಹಾಕಿದ್ದೇವೆ. ಎಲೆ ನೋಡಿದ ಕೆಳಮನೆಯವರು ಗಾಂಜಾ ಎಂದು ಗಲಾಟೆ ಮಾಡುತ್ತಿದ್ದಾರೆ. ಏನು ತೋರಿಸಲಿ?

ಉತ್ತರ: ಅವರ ಕಣ್ಣು ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ, ನಾರಿನ ಪುಂಡಿಯ ಶಾಸ್ತ್ರೀಯ ಹೆಸರಾದ ಹೈಬಿಸ್ಕಸ್ ಕ್ಯಾನಬೈನಸ್ ಎಂಬುದರಲ್ಲೇ ‘ಗಾಂಜಾದಂಥದು’ ಎಂಬ ಅರ್ಥವಿದೆ. ಒಂದು ಎಲೆ ಕಿತ್ತು ತೊಟ್ಟಿನ ಬುಡವನ್ನು ತೋರಿಸಿ. ಪುಂಡಿಯದು ಎಷ್ಟೇ ಆಳವಾಗಿ ಸೀಳಿದ್ದರೂ ಬುಡದಲ್ಲಿ ಕೂಡಿಕೊಂಡ ಒಂದೇ ಎಲೆ. ಗಾಂಜಾದಲ್ಲಿ ಐದೋ ಏಳೋ ಕಿರುಎಲೆಗಳು ತೊಟ್ಟಿನ ತುದಿಯಿಂದಲೇ ಬೇರೆಬೇರೆಯಾಗಿ ಹೊರಡುತ್ತವೆ. ಅಷ್ಟಕ್ಕೂ ಒಪ್ಪದಿದ್ದರೆ ಹೂ ಬಿಡುವವರೆಗೆ ಕಾಯಲು ಹೇಳಿ: ಪುಂಡಿಯಲ್ಲಿ ದಾಸವಾಳದಂಥ, ನಡುವೆ ಕಡುಗೆಂಪಾದ ತಿಳಿಹಳದಿ ಹೂ ಅರಳುತ್ತದೆ, ಗಾಂಜಾದಲ್ಲಿ ದಳವುಳ್ಳ ಹೂವೇ ಇರುವುದಿಲ್ಲ. ಪಲ್ಯ ಮಾಡಿದ ದಿನ ಒಂದು ಬಟ್ಟಲು ಕೆಳಮನೆಗೂ ಕಳುಹಿಸಿ.